ಹಳೇ ಡೆಸ್ಕ್‌ಟಾಪ್‌ನಲ್ಲಿ ಮನೆಯ ಫೈಲ್ ಸರ್ವರ್: ನಾನು ಮಾಡಿಕೊಂಡ ಬಗೆ

ಮನೆಯವರ ಫೋಟೊ, ದಾಖಲೆ, ವಿಡಿಯೊ ಎಲ್ಲ ಒಂದೇ ಕಡೆ ಇರಬೇಕು, ಯಾರು ಬೇಕಾದರೂ ತೆಗೆದು ನೋಡುವಂತಿರಬೇಕು ಎಂದರೆ ಭಾರಿ ಯಂತ್ರವೇನೂ ಬೇಡ. ನಾನು ಬಳಸಿದ್ದು ಮೂಲೆಗಿಟ್ಟಿದ್ದ ಡೆಸ್ಕ್‌ಟಾಪ್: 4 ಜಿಬಿ ರ್‍ಯಾಮ್, ಸಿಸ್ಟಮ್‌ಗೆ 120 ಜಿಬಿ ಎಸ್‌ಎಸ್‌ಡಿ, ಫೈಲ್‌ಗಳಿಗೆ 4 ಟಿಬಿ ಹಾರ್ಡ್‌ಡಿಸ್ಕ್, ಬ್ಯಾಕಪ್‌ಗೆ ಅಷ್ಟೇ ದೊಡ್ಡ ಯುಎಸ್‌ಬಿ ಡಿಸ್ಕ್. ಪ್ರೊಸೆಸರ್ ಹಳೆಯದಾದರೂ ನಡೆಯುತ್ತದೆ, ನೆಟ್‌ವರ್ಕ್ ಚೆನ್ನಾಗಿರಬೇಕು. ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸು ಬರುತ್ತದೆ. 11ರ ಹತ್ತಿರವೇ ನಿಂತರೆ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿರುತ್ತದೆ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಹಾಗಾಗಿ ಒಂದು ತಂತಿ ಒಳಗೆ ತುಂಡಾದರೂ ಎಲ್ಲ ಸರಿಯಿದೆ ಎಂದೇ ಅನಿಸಬಹುದು. ಸಾಫ್ಟ್‌ವೇರನ್ನು ದೂರುವ ಮೊದಲು ಕೇಬಲ್ ಬದಲಿಸಿ ನೋಡಿ.

ಹಾಕಿದ್ದು ಡೆಬಿಯನ್ ಎಂಬ ಲಿನಕ್ಸ್, ಡೆಸ್ಕ್‌ಟಾಪ್ ಪರದೆ ಇಲ್ಲದೆ. ರೂಟರ್‌ನಲ್ಲಿ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಒಂದು ಐಪಿ ಕಾಯ್ದಿರಿಸಿದರೆ ವಿಳಾಸ ಬದಲಾಗುವ ಕಾಟವಿಲ್ಲ.

ತಲೆನೋವೆಲ್ಲ ಡಿಸ್ಕ್ ಮೌಂಟ್ ಮಾಡುವಲ್ಲಿ, ಎಂದರೆ ಅದನ್ನು ಒಂದು ಫೋಲ್ಡರ್‌ಗೆ ಜೋಡಿಸುವಲ್ಲಿ. ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಎಕ್ಸ್ಟ್4ಗೆ ಫಾರ್ಮ್ಯಾಟ್ ಮಾಡಿದಾಗ 5% ಜಾಗ ರೂಟ್ ಬಳಕೆದಾರನಿಗೆ (ಸಿಸ್ಟಮ್‌ನ ನಿರ್ವಾಹಕ) ಮೀಸಲಾಗುತ್ತದೆ. 4 ಟಿಬಿಯಲ್ಲಿ ಅದು 200 ಜಿಬಿ. ಬರೀ ಫೈಲ್ ಇಡುವ ಡಿಸ್ಕಿಗೆ ಅಷ್ಟು ಬೇಡವೆಂದು ಟ್ಯೂನ್2ಎಫ್‌ಎಸ್ ಆಜ್ಞೆಯಿಂದ 1%ಗೆ ಇಳಿಸಿದೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂದು ಬರೆಯಬೇಡಿ, ಇನ್ನೊಂದು ಡಿಸ್ಕ್ ಸಿಕ್ಕಿಸಿ ಬೂಟ್ ಮಾಡಿದರೆ ಆ ಹೆಸರುಗಳು ಅದಲುಬದಲಾಗಬಹುದು. ಹಾಗೆ ಬದಲಾಗದ ಗುರುತಾದ ಯುಯುಐಡಿ ಬರೆಯಿರಿ. ಜೊತೆಗೆ ನೋಫೇಲ್ ಆಯ್ಕೆ (ಡಿಸ್ಕ್ ಸಿಗದಿದ್ದರೂ ಬೂಟ್ ಮುಂದುವರಿಸು ಎಂಬುದು) ಬೇಕು, ಇಲ್ಲವಾದರೆ ಡಿಸ್ಕ್ ಕೈಕೊಟ್ಟ ದಿನ ಸರ್ವರ್ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ. ಮಾನಿಟರ್, ಕೀಬೋರ್ಡ್ ಹೊತ್ತುಕೊಂಡು ಅದರ ಬಳಿ ಹೋಗಬೇಕು.

ನೋಫೇಲ್‌ಗೂ ಒಂದು ಕೊಕ್ಕೆ ಇದೆ. ಡಿಸ್ಕ್ ಮೌಂಟ್ ಆಗದಿದ್ದರೂ ಅದರ ಖಾಲಿ ಫೋಲ್ಡರ್ ಇದ್ದೇ ಇರುತ್ತದೆ. ಬಂದ ಫೈಲ್‌ಗಳೆಲ್ಲ ಸದ್ದಿಲ್ಲದೆ ಎಸ್‌ಎಸ್‌ಡಿಗೆ ಹೋಗಿ ಅದು ತುಂಬಿಕೊಳ್ಳುತ್ತದೆ. ಇದನ್ನು ತಪ್ಪಿಸಲು, ಡಿಸ್ಕ್ ಮೌಂಟ್ ಮಾಡುವ ಮುಂಚೆಯೇ ಆ ಖಾಲಿ ಫೋಲ್ಡರ್‌ಗೆ ಸಿಎಚ್‌ಆಟರ್ ಆಜ್ಞೆಯಿಂದ ಇಮ್ಯುಟಬಲ್ (ಬದಲಿಸಲಾಗದು ಎಂಬ) ಗುರುತು ಹಾಕಿಟ್ಟೆ. ಈಗ ಡಿಸ್ಕ್ ಇಲ್ಲದಿದ್ದರೆ ಬರೆಯಲು ಹೋದವರಿಗೆ ಕೂಡಲೇ ಎರರ್ ಕಾಣುತ್ತದೆ.

ಹಂಚಿಕೆಗೆ ಸಾಂಬಾ, ಲಿನಕ್ಸ್‌ನ ಫೋಲ್ಡರ್‌ಗಳನ್ನು ವಿಂಡೋಸ್‌ನಂಥ ಯಂತ್ರಗಳಿಗೂ ತೋರಿಸುವ ತಂತ್ರಾಂಶ. ಪ್ರತಿಯೊಬ್ಬರಿಗೂ ಲಾಗಿನ್ ಶೆಲ್ ಇಲ್ಲದ ಲಿನಕ್ಸ್ ಖಾತೆ ತೆರೆದು, ಎಲ್ಲರನ್ನೂ ಒಂದು ಗುಂಪಿಗೆ ಸೇರಿಸಿದೆ. ಸಾಂಬಾದ ಪಾಸ್‌ವರ್ಡ್ ಬೇರೆಯೇ, ಅದನ್ನು ಎಸ್‌ಎಂಬಿಪಾಸ್‌ಡಬ್ಲ್ಯುಡಿ (smbpasswd) ಆಜ್ಞೆಯಿಂದ ಕೊಡಬೇಕು. ಒಬ್ಬರು ಹಾಕಿದ ಫೈಲನ್ನು ಇನ್ನೊಬ್ಬರು ತಿದ್ದಲಾಗುವುದಿಲ್ಲ ಎಂಬ ದೂರು ಬರುವುದು ಸಾಮಾನ್ಯ. ಹೊಸ ಫೈಲ್‌ನ ಅನುಮತಿ ನಿರ್ಧರಿಸುವ ಸಾಂಬಾದ ಕ್ರಿಯೇಟ್ ಮಾಸ್ಕ್ ತಾನಾಗಿ 0744 ಇರುತ್ತದೆ, ಗುಂಪಿಗೆ ಓದಲಷ್ಟೇ ಅವಕಾಶ. ಅದನ್ನು 0660, ಡೈರೆಕ್ಟರಿ ಮಾಸ್ಕನ್ನು 2770 ಮಾಡಿ, ಫೋರ್ಸ್ ಗ್ರೂಪ್‌ನಲ್ಲಿ ನಮ್ಮ ಗುಂಪಿನ ಹೆಸರು ಬರೆದರೆ ಸರಿಹೋಗುತ್ತದೆ. ಅಳಿಸಿದ ಫೈಲನ್ನು ಎತ್ತಿಡುವ ರೀಸೈಕಲ್ ಮಾಡ್ಯೂಲನ್ನೂ ಹಾಕಿಕೊಳ್ಳಿ. ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಅಳಿಸಿದ್ದು ವಿಂಡೋಸ್‌ನ ಕಸದ ಬುಟ್ಟಿಗೆ ಹೋಗುವುದಿಲ್ಲ. ಇನ್ನೊಂದು ಮಾತು: ವಿಂಡೋಸ್ ಒಂದೇ ಸರ್ವರ್‌ಗೆ ಏಕಕಾಲಕ್ಕೆ ಎರಡು ಬಳಕೆದಾರ ಹೆಸರಿನಲ್ಲಿ ಸೇರಲು ಬಿಡುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದೂ ಒಳಗೆ ಬಿಡದಿದ್ದರೆ ಹಳೆಯ ಸಂಪರ್ಕ ಕಡಿದು ಮತ್ತೆ ಪ್ರಯತ್ನಿಸಿ.

ಹೊರಗಿನಿಂದ ಬಳಸಲು ರೂಟರ್‌ನಲ್ಲಿ ಸಾಂಬಾ ಬಳಸುವ 445ನೇ ಪೋರ್ಟ್ ತೆರೆಯುವ ಯೋಚನೆಯೇ ಬೇಡ. ಫೈಲ್‌ಗಳನ್ನು ಒತ್ತೆಯಿಟ್ಟು ಹಣ ಕೇಳುತ್ತಿದ್ದ 2017ರ ವಾನಾಕ್ರೈ ಕುತಂತ್ರಾಂಶ ಹರಡಿದ್ದು ಅದೇ ಬಾಗಿಲಿನಿಂದ. ನಾನು ವೈರ್‌ಗಾರ್ಡ್ ಎಂಬ ವಿಪಿಎನ್ (ಗೂಢಲಿಪಿಯ ಖಾಸಗಿ ಸಂಪರ್ಕ) ಇಟ್ಟುಕೊಂಡಿದ್ದೇನೆ, ಒಂದೇ ಯುಡಿಪಿ ಪೋರ್ಟ್ ತೆರೆದರೆ ಸಾಕು. ಇಂಟರ್ನೆಟ್ ಸಂಸ್ಥೆ ಹಲವರಿಗೆ ಒಂದೇ ಐಪಿ ಹಂಚಿದ್ದರೆ ಪೋರ್ಟ್ ತೆರೆದೂ ಫಲವಿಲ್ಲ, ಆಗ ಟೇಲ್‌ಸ್ಕೇಲ್‌ನಂಥ ಸೇವೆ ಬೇಕಾಗುತ್ತದೆ.

ಬ್ಯಾಕಪ್ ಆರ್‌ಸಿಂಕ್ ಎಂಬ ನಕಲು ಮಾಡುವ ಆಜ್ಞೆಯಿಂದ, ರಾತ್ರಿ ಹೊತ್ತು. ಡಿಲೀಟ್ ಆಯ್ಕೆ (ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಿಂದಲೂ ಅಳಿಸುವುದು) ಕೊಟ್ಟಿದ್ದು, ಮೂಲ ಡಿಸ್ಕ್ ಮೌಂಟ್ ಆಗಿರದಿದ್ದರೆ ಆರ್‌ಸಿಂಕ್ ಖಾಲಿ ಫೋಲ್ಡರ್ ನೋಡಿ ಬ್ಯಾಕಪ್ ಅನ್ನೂ ಖಾಲಿ ಮಾಡುತ್ತದೆ. ಅದಕ್ಕೇ ಸ್ಕ್ರಿಪ್ಟ್‌ನ ಮೊದಲಲ್ಲೇ ಎರಡೂ ಡಿಸ್ಕ್ ಮೌಂಟ್ ಆಗಿವೆಯೇ ಎಂದು ಮೌಂಟ್‌ಪಾಯಿಂಟ್ ಆಜ್ಞೆಯಿಂದ ಪರೀಕ್ಷಿಸಿ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಲಿಂಕ್‌ಡೆಸ್ಟ್ ಆಯ್ಕೆ ಸೇರಿಸಿದರೆ ದಿನದಿನದ ಪ್ರತಿಗಳು ಬೇರೆಬೇರೆಯಾಗಿ ಉಳಿಯುತ್ತವೆ, ಬದಲಾಗದ ಫೈಲ್ ಮತ್ತೆ ಜಾಗ ತಿನ್ನುವುದಿಲ್ಲ. ಇದಕ್ಕೆ ಹಾರ್ಡ್‌ಲಿಂಕ್ (ಒಂದೇ ಫೈಲಿಗೆ ಹಲವು ಹೆಸರು) ಬೇಕಾದ್ದರಿಂದ ಬ್ಯಾಕಪ್ ಡಿಸ್ಕ್ ಕೂಡ ಎಕ್ಸ್ಟ್4 ಆಗಿರಲಿ, ಎಕ್ಸ್‌ಫ್ಯಾಟ್‌ನಲ್ಲಿ ನಡೆಯುವುದಿಲ್ಲ.

ಡಿಸ್ಕ್‌ನ ಆರೋಗ್ಯ ತಿಳಿಯಲು ಸ್ಮಾರ್ಟ್‌ಸಿಟಿಎಲ್ ವರದಿಯಲ್ಲಿ ನಾನು ನೋಡುವುದು 5 ಮತ್ತು 197 ಎಂಬ ಗುರುತಿನ ಸಂಖ್ಯೆಯ ಸಾಲುಗಳು: ಬದಲಿ ಜಾಗಕ್ಕೆ ಸರಿದ ಸೆಕ್ಟರ್‌ಗಳು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು. ಕಚ್ಚಾ ಅಂಕಿ ಸೊನ್ನೆಯಲ್ಲೇ ಇರಬೇಕು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ತಂದು, ಹಳೆಯದು ಓದುತ್ತಿರುವಾಗಲೇ ನಕಲು ಮಾಡಿಕೊಳ್ಳಿ.