ಹಳೆಯ ಡ್ರಮ್ ಮಷೀನಿನ ಮೆಮೊರಿ ಬ್ಯಾಟರಿ ಬದಲಿಸುವುದು

ಡ್ರಮ್ ಮಷೀನಿನ (ತಾಳದ ಸದ್ದು ನುಡಿಸುವ ಯಂತ್ರ) ಪವರ್ ತೆಗೆದ ಕೂಡಲೇ ಪ್ಯಾಟರ್ನ್‌ಗಳು, ಅಂದರೆ ಅದರಲ್ಲಿ ಉಳಿಸಿದ ತಾಳಗಳು, ಅಳಿಸಿಹೋಗುತ್ತಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಆದರೆ ಅದು ಯಾವ ಬಗೆಯದೆಂದು ತಿಳಿಯದೆ ಹೊಸದು ಕೊಳ್ಳಬೇಡಿ. ರೋಲ್ಯಾಂಡ್ ಟಿಆರ್-808ಕ್ಕೆ ಮೂರು, ಟಿಆರ್-707ಕ್ಕೆ ಎರಡು ಪೆನ್ಸಿಲ್ ಸೆಲ್, ಹೊರಗಿನಿಂದಲೇ ಬದಲಿಸಬಹುದು. ಒಬರ್‌ಹೈಮ್ ಡಿಎಂಎಕ್ಸ್‌ನಂಥವುಗಳಲ್ಲಿ ಚಾರ್ಜ್ ಆಗುವ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ. ಆಮೇಲಿನ ಅನೇಕ ಯಂತ್ರಗಳಲ್ಲಿ ಸರ್ಕ್ಯೂಟ್ ಬೋರ್ಡಿಗೇ ಬೆಸೆದ 3 ವೋಲ್ಟಿನ ಲಿಥಿಯಂ ಬಟನ್ ಸೆಲ್.

ಸೆಲ್ ತೆಗೆದರೆ ಮೆಮೊರಿ ಖಾಲಿ. ಹಾಗಾಗಿ ಪ್ಯಾಟರ್ನ್‌ಗಳನ್ನು ಟೇಪ್ ಔಟ್ (ಡೇಟಾವನ್ನು ಸದ್ದಾಗಿ ಹೊರಗೆ ಕಳಿಸುವ ಜ್ಯಾಕ್) ಮೂಲಕ ಕಂಪ್ಯೂಟರಿಗೆ ರೆಕಾರ್ಡ್ ಮಾಡಿ, ಅಥವಾ ಮಿಡಿ (ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಂಪರ್ಕ) ಮೂಲಕ ಮೆಮೊರಿಯ ಡಂಪ್ ಕಳಿಸಿ. ಟೇಪಿನಲ್ಲಿ ವೆರಿಫೈ (ರೆಕಾರ್ಡ್ ಆದದ್ದು ಸರಿಯಿದೆಯೇ ಎಂದು ನೋಡುವ) ಸೌಲಭ್ಯವಿದ್ದರೆ ಅದನ್ನು ಬಿಡಬೇಡಿ; ರೆಕಾರ್ಡಿಂಗ್ ಲೆವೆಲ್ ತುಸು ಹೆಚ್ಚಾದರೂ ಡೇಟಾ ಕೆಡುತ್ತದೆ.

ಪ್ಲಗ್ ಕಿತ್ತು ಕಾಲು ಗಂಟೆ ಬಿಡಿ. ಪವರ್ ಸಪ್ಲೈ ಒಳಗೇ ಇರುವ ಯಂತ್ರದಲ್ಲಿ ಪ್ಲಗ್ ಹಾಕಿದ್ದರೆ, ಆಫ್ ಇದ್ದರೂ ಸ್ವಿಚ್ಚಿನವರೆಗೆ 230 ವೋಲ್ಟ್ ಬರುತ್ತದೆ. ದೊಡ್ಡ ಕೆಪಾಸಿಟರುಗಳಲ್ಲೂ ಚಾರ್ಜ್ ಉಳಿದಿರುತ್ತದೆ. ಬಟನ್ ಸೆಲ್ಲಿನ ಪ್ಲಸ್ ಯಾವ ಕಡೆಗಿದೆಯೆಂದು ಫೋಟೊ ತೆಗೆದಿಡಿ. ಮೊದಲು ಅದರ ಪಟ್ಟಿಗಳನ್ನು ಕತ್ತರಿಸಿ ಸೆಲ್ ಬೇರ್ಪಡಿಸಿ, ಆಮೇಲೆ ಉಳಿದ ಕಾಲುಗಳನ್ನು ಸೋಲ್ಡರಿಂಗ್ ಐರನ್ನಿನಿಂದ 330–350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೊಂದಾಗಿ ಬಿಡಿಸಿ. ಒಟ್ಟಿಗೇ ಎಳೆದರೆ ಹಳೆಯ ಬೋರ್ಡಿನ ತಾಮ್ರದ ಗೆರೆ ಕಿತ್ತುಬರುತ್ತದೆ. ಹೊಸ ಸೆಲ್ಲಿಗೆ ನೇರವಾಗಿ ಎಂದೂ ಬೆಸುಗೆ ಹಾಕಬೇಡಿ, ಬಿಸಿಗೆ ಅದು ಒಡೆಯಬಹುದು. ಸಿಆರ್2032 (3 ವೋಲ್ಟಿನ ಲಿಥಿಯಂ ಬಟನ್ ಸೆಲ್) ಹೋಲ್ಡರ್ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ರಂಧ್ರಗಳು ಹೊಂದದಿದ್ದರೆ ಎರಡು ತಂತಿ ಎಳೆದು, ಹೋಲ್ಡರನ್ನು ಬಿಡಿಭಾಗಗಳಿಲ್ಲದ ಜಾಗದಲ್ಲಿ ಫೋಮ್ ಟೇಪಿನಿಂದ ಅಂಟಿಸಿ.

ನಿಕಲ್-ಕ್ಯಾಡ್ಮಿಯಂ ಇದ್ದರೆ ಕೆಲಸ ಬೇರೆ, ತುರ್ತೂ ಹೆಚ್ಚು. ಯಂತ್ರ ಸರಿಯಾಗಿ ನಡೆಯುತ್ತಿದ್ದರೂ ಅದನ್ನು ಇಂದೇ ತೆಗೆಯಿರಿ. ಅದರಿಂದ ಸೋರುವುದು ಕ್ಷಾರ. ತಾಮ್ರವನ್ನೂ ಚಿಪ್ ಕೂರುವ ಐಸಿ ಸಾಕೆಟ್ಟುಗಳನ್ನೂ ತಿಂದುಹಾಕುತ್ತದೆ. ಹಸಿರುಗಟ್ಟಿದ ಜಾಗಕ್ಕೆ ಬಿಳಿ ವಿನೆಗರ್ ಸವರಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿ. ಪ್ರತಿ ಗೆರೆಯನ್ನೂ ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ಬದಲಿಗೆ 3.6 ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಪ್ಯಾಕ್ ಹಾಕಿ, ಬೋರ್ಡಿನಿಂದ ದೂರದಲ್ಲಿ ಕೂರಿಸಿ. ಲಿಥಿಯಂ ಬೇಕೆಂದರೆ ಚಾರ್ಜಿಂಗ್ ರೆಸಿಸ್ಟರ್ ತೆಗೆದು, ಸೆಲ್ಲಿನ ಪ್ಲಸ್‌ಗೆ ಸರಣಿಯಲ್ಲಿ 1ಎನ್4148 ಡಯೋಡ್ ಸೇರಿಸಿ. ಡಯೋಡಿನ ಗೆರೆಯಿರುವ ತುದಿ ರ‍್ಯಾಮ್ (ಪ್ಯಾಟರ್ನ್ ಉಳಿಸುವ ಮೆಮೊರಿ ಚಿಪ್) ಕಡೆಗಿರಲಿ. ಸಿಆರ್2032ಗೆ ಚಾರ್ಜ್ ಹರಿದರೆ ಅದು ಉಬ್ಬಿ ಸಿಡಿಯಬಹುದು, ಆದ್ದರಿಂದ ಈ ಎರಡರಲ್ಲಿ ಒಂದನ್ನೂ ಬಿಡುವಂತಿಲ್ಲ.

ಈಗ ಪವರ್ ಆಫ್ ಇರುವಾಗ ರ‍್ಯಾಮಿನ ಸಪ್ಲೈ ಪಿನ್ ಅಳೆಯಿರಿ: 6116 ಎಂಬ ಚಿಪ್ಪಿನಲ್ಲಿ 24ನೆಯದು, 6264ರಲ್ಲಿ 28ನೆಯದು. ಲಿಥಿಯಂ ಸೆಲ್ಲಿದ್ದರೆ ಅಲ್ಲಿ 2.5ರಿಂದ 3 ವೋಲ್ಟ್ ಬರಬೇಕು; ಡೇಟಾ ಉಳಿಯಲು ಕನಿಷ್ಠ 2 ಸಾಕು. ಮೊದಲ ಸಲ ಆನ್ ಮಾಡಿದಾಗ ಕಸದಂಥ ಪ್ಯಾಟರ್ನ್‌ಗಳು ಕಾಣಿಸುವುದು ಸಹಜ. ಮ್ಯಾನುಯಲ್ಲಿನಂತೆ ಮೆಮೊರಿ ಕ್ಲಿಯರ್ ಮಾಡಿ, ಬ್ಯಾಕಪ್ ಲೋಡ್ ಮಾಡಿ.

ಕೊನೆಗೆ ಬ್ಯಾಟರಿ ಸಾಲಿನಲ್ಲಿರುವ 1 ಕಿಲೊಓಮ್ ರೆಸಿಸ್ಟರಿನ ತುದಿಗಳ ನಡುವೆ ವೋಲ್ಟೇಜ್ ನೋಡಿ, ಯಂತ್ರ ಆಫ್ ಇರುವಾಗ. 2 ಮಿಲಿವೋಲ್ಟ್ ಎಂದರೆ 2 ಮೈಕ್ರೊಆಂಪ್. 220 ಮಿಲಿಆಂಪ್-ಅವರ್ ಸೆಲ್ ಆ ಲೆಕ್ಕದಲ್ಲಿ ಹತ್ತು ವರ್ಷ ದಾಟುತ್ತದೆ. 20 ಮಿಲಿವೋಲ್ಟ್ ತೋರಿಸಿದರೆ ಹೊಸ ಸೆಲ್ಲೂ ಒಂದೂಕಾಲು ವರ್ಷದಲ್ಲಿ ಮುಗಿಯುತ್ತದೆ. ಆಗ ಡಯೋಡ್, ಹತ್ತಿರದ ಕೆಪಾಸಿಟರ್, ರ‍್ಯಾಮ್, ಈ ಕ್ರಮದಲ್ಲಿ ಸೋರಿಕೆ ಹುಡುಕಿ.