ಅಪ್ಪನ ಮಳೆ ಪುಸ್ತಕ ಮತ್ತು ನನ್ನ ಕೋಡಿಂಗ್

ನಾನು ಬರೆದ ಮೊದಲ ಪ್ರೋಗ್ರಾಂ ಐದಕ್ಕೆ ಮೂರು ಕೂಡಿಸುತ್ತಿತ್ತು. ಅಷ್ಟೇ. ಅದಕ್ಕೇ ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ಆಗ ಮಡಿಕೇರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೆ. ಲ್ಯಾಬಿನಲ್ಲಿ 8085 ಕಿಟ್ ಇತ್ತು, ಅಂದರೆ 8085 ಅನ್ನೋ ಮೈಕ್ರೊಪ್ರೊಸೆಸರ್ ಚಿಪ್ ಕೂರಿಸಿದ ಕಲಿಕೆಯ ಬೋರ್ಡು. ಇಂಟೆಲ್ ಆ ಚಿಪ್ ತಂದಿದ್ದು 1976ರಲ್ಲಿ. ನನ್ನ ಕೈಗೆ ಸಿಗುವಾಗ ಅದಕ್ಕೆ ಇಪ್ಪತ್ತು ದಾಟಿತ್ತು. ಪರದೆ ಇಲ್ಲ. ಆರು ಕೆಂಪು ಅಂಕಿಗಳು: ನಾಲ್ಕು ಮೆಮೊರಿಯ ವಿಳಾಸಕ್ಕೆ, ಎರಡು ಡೇಟಾಕ್ಕೆ. ಮೊದಲು ಕಾಗದದ ಮೇಲೆ ಅಸೆಂಬ್ಲಿ, ಅಂದರೆ ಚಿಪ್‌ಗೆ ಕೊಡೋ ಆಜ್ಞೆಗಳನ್ನು ಚುಟುಕು ಪದಗಳಲ್ಲಿ ಬರೆಯಬೇಕು, ಆಮೇಲೆ ಪಟ್ಟಿ ನೋಡಿ ಒಂದೊಂದಕ್ಕೂ ಹೆಕ್ಸ್ (ಹದಿನಾರರ ಎಣಿಕೆಯ) ಸಂಖ್ಯೆ ಹುಡುಕಬೇಕು. 3ಇ 05 ಅಂದರೆ ಎ ಅನ್ನೋ ರಿಜಿಸ್ಟರಿಗೆ (ಚಿಪ್‌ನೊಳಗಿನ ಪುಟ್ಟ ಗೂಡು) ಐದು. 06 03 ಅಂದರೆ ಬಿಗೆ ಮೂರು. 80 ಅಂದರೆ ಎರಡನ್ನೂ ಕೂಡು. ಉತ್ತರವನ್ನು 8500 ಅನ್ನೋ ವಿಳಾಸದಲ್ಲಿ ಇಡೋಕೆ 32, ಕೊನೆಗೆ ನಿಲ್ಲಿಸೋಕೆ 76. ವಿಳಾಸವೂ ಸೇರಿ ಒಂಬತ್ತು ಬೈಟು.

ನಾನು 32 85 00 ಅಂತ ಒತ್ತಿದ್ದೆ. ರನ್ ಮಾಡಿ 8500 ತೆಗೆದು ನೋಡಿದರೆ ಏನೋ ಕಸ ಕೂತಿದೆ, ಎಂಟು ಇಲ್ಲ. ಮೂರು ಸಲ ಹೀಗೇ ಆಯ್ತು. ಈ ಚಿಪ್‌ಗೆ ವಿಳಾಸದ ಕೆಳಗಿನ ಅರ್ಧ ಮೊದಲು ಕೊಡಬೇಕು, 00 ಆಮೇಲೆ 85. ನಾನು ಉಲ್ಟಾ ಕೊಟ್ಟಿದ್ದಕ್ಕೆ ಪಾಪ ಅದು ಎಂಟನ್ನು 0085ಕ್ಕೆ ಬರೆಯಲು ಹೋಗಿತ್ತು. ನಮ್ಮ ಕಿಟ್ಟಿನಲ್ಲಿ ಅಲ್ಲಿದ್ದದ್ದು ರೋಮ್ (ROM), ಓದೋಕೆ ಮಾತ್ರ ಇರೋ ಮೆಮೊರಿ. ಅದರಲ್ಲಿ ಬರೆಯೋದೆಲ್ಲಿ ಬಂತು! ತಪ್ಪು ಗೊತ್ತಾಗಿ ಸರಿ ಮಾಡೋ ಹೊತ್ತಿಗೆ ಕರೆಂಟ್ ಹೋಯ್ತು. ಜುಲೈ ತಿಂಗಳ ಮಡಿಕೇರಿಯಲ್ಲಿ ಕರೆಂಟ್ ಹೋಗೋದು ಹೊಸದಲ್ಲ. ಆದರೆ ಕರೆಂಟ್ ಹೋದರೆ ಕಿಟ್ಟಿನ ನೆನಪೂ ಹೋಗುತ್ತೆ, ಎಲ್ಲಾ ಮೊದಲಿಂದ ಒತ್ತಬೇಕು. ಆವತ್ತಿಂದ ಕಾಗದದಲ್ಲಿ ಅಚ್ಚುಕಟ್ಟಾಗಿ ಬರೆದಿಡೋ ಅಭ್ಯಾಸ ಬಂತು.

ಸಿ ಭಾಷೆ ಬಂದಾಗ ಸ್ವರ್ಗ ಅನ್ನಿಸಿತು. ಡೆನ್ನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಶುರುವಿನಲ್ಲಿ ಮಾಡಿದ ಭಾಷೆ. ಕೂಡು, ಗುಣಿಸು ಅಂದರೆ ಸಾಕು. 8085ಕ್ಕೆ ಗುಣಾಕಾರವೇ ಬರುತ್ತಿರಲಿಲ್ಲ, ಮತ್ತೆ ಮತ್ತೆ ಕೂಡಿಸಿ ಮಾಡಬೇಕಿತ್ತು. ರಜೆಯಲ್ಲಿ ಸೋಮವಾರಪೇಟೆ ಹತ್ತಿರದ ನಮ್ಮ ಮನೆಗೆ ಹೋದಾಗ, ಅಣ್ಣನ ಹಳೇ ಕಂಪ್ಯೂಟರಿನಲ್ಲಿದ್ದ ಟರ್ಬೊ ಸಿಯಲ್ಲಿ (ಸಿ ಪ್ರೋಗ್ರಾಂ ಬರೆದು ಓಡಿಸೋ ಸಾಫ್ಟ್‌ವೇರ್) ಅಪ್ಪನಿಗೆ ಕಾಫಿ ಲೆಕ್ಕದ ಪ್ರೋಗ್ರಾಂ ಬರೆದೆ. ಪರೀಕ್ಷೆಗೆ ಅಂತ ಸುಮ್ನೆ 40 ಮೂಟೆ, ಮೂಟೆಗೆ ಸಾವಿರ ಅಂತ ಹಾಕಿದೆ. ಪರದೆ ಮೇಲೆ ಬಂದಿದ್ದು ಮೈನಸ್ 25536.

ಅಪ್ಪ ಕನ್ನಡಕ ಏರಿಸಿ ನೋಡಿದರು. "ಕಾಫಿ ಕೊಟ್ಟು ದುಡ್ಡೂ ನಾವೇ ಕೊಡಬೇಕಾ?"

ಟರ್ಬೊ ಸಿಯಲ್ಲಿ ಇಂಟ್ ಅನ್ನೋ ಪೂರ್ಣ ಸಂಖ್ಯೆಗೆ 16 ಬಿಟ್ ಜಾಗ, 32767ಕ್ಕಿಂತ ಜಾಸ್ತಿ ಹಿಡಿಸಲ್ಲ; ದಾಟಿದರೆ ಸುತ್ತಿ ಮೈನಸ್ಸಿಗೆ ಹೋಗುತ್ತೆ. ಉತ್ತರವನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಸೋ ಲಾಂಗ್ ಮಾಡಿದೆ, ಆದರೂ ಅದೇ ಮೈನಸ್. ಯಾಕೆಂದರೆ ಗುಣಿಸೋ ಎರಡೂ ಸಂಖ್ಯೆ ಇನ್ನೂ ಇಂಟೇ; ಉತ್ತರ ಲಾಂಗಿಗೆ ಬರೋ ಮೊದಲೇ ಕೆಟ್ಟಿರುತ್ತೆ. ಅವುಗಳಲ್ಲಿ ಒಂದನ್ನೂ ಲಾಂಗ್ ಮಾಡಿದ ಮೇಲೆ 40000 ಬಂತು.

ಆಮೇಲೆ ಕೆಲಸಕ್ಕಾಗಿ ಏನೇನೋ ಕಲಿತೆ, ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಪೈಥಾನ್ ಮಾತ್ರ ತಡವಾಗಿ ಕಲಿತೆ, ಅದೂ ಅಪ್ಪನ ಮಳೆ ಪುಸ್ತಕಕ್ಕಾಗಿ. ನಮ್ಮ ಕಡೆ ಕಾಫಿ ತೋಟದ ಮನೆಗಳಲ್ಲಿ ಇದು ಇರುತ್ತೆ. ಬೆಳಿಗ್ಗೆ ಎದ್ದು ರೈನ್ ಗೇಜ್ ನೋಡಿ ಇಂಚು, ಸೆಂಟಿನಲ್ಲಿ ಬರೆಯೋದು. ನೂರು ಸೆಂಟಿಗೆ ಒಂದಿಂಚು. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬಿದ್ದರಂತೂ ಊರೆಲ್ಲಾ ಫೋನು, "ನಿಮ್ಮಲ್ಲಿ ಎಷ್ಟು ಸೆಂಟು?" ಅಪ್ಪ 1987ರಿಂದ ಬರೆದಿದ್ದಾರೆ. ಏಪ್ರಿಲ್ ರಜೆಗೆ ಬಂದ ಅಕ್ಕನ ಮಗಳು ಅಷ್ಟನ್ನೂ ಟೈಪ್ ಮಾಡಿಕೊಟ್ಟಳು. ತಿಂಗಳುವಾರು ಮೊತ್ತ ತೆಗೆಯೋಕೆ ಹದಿನೈದು ಸಾಲು ಸಾಕಾಯ್ತು. ಇದನ್ನೇ ಆ ಕಿಟ್ಟಿನಲ್ಲಿ ಮಾಡಬೇಕಿದ್ದರೆ ಇನ್ನೂ ಒತ್ತುತ್ತಾ ಇರುತ್ತಿದ್ದೆನೇನೋ.

"ಚಿಕ್ಕಮ್ಮ, ಇದೇನಿದು?" ಅಂದಳು. ಒಂದು ದಿನ ಹತ್ತು ಸೆಂಟು, ಮರುದಿನ ಇಪ್ಪತ್ತು. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ 0.30000000000000004 ಅನ್ನುತ್ತಿತ್ತು. ಅವಳು ಪೈಥಾನೇ ಹಾಳಾಗಿದೆ ಅಂದುಕೊಂಡಳು. ನನಗೆ ನಗು ಬಂತು. ಹಳೇ ಕಿಟ್ಟಿನ ವಾಸನೆ ಹೊಡೆಯಿತು. ಒಂದನ್ನು ಮೂರರಿಂದ ಭಾಗಿಸಿದರೆ 0.333 ಮುಗಿಯೋದೇ ಇಲ್ಲ ಅಲ್ವಾ? ಹಾಗೇ ಸೊನ್ನೆ-ಒಂದರ ಲೆಕ್ಕದಲ್ಲಿ 0.1 ಮುಗಿಯಲ್ಲ, ಎಲ್ಲೋ ಒಂದು ಕಡೆ ಕತ್ತರಿಸಬೇಕು. ಅಜ್ಜನ ಹಾಗೆ ಸೆಂಟಿನಲ್ಲೇ ಕೂಡಿಸು, ಪೂರ್ಣ ಸಂಖ್ಯೆ, ಕೊನೆಗೆ ಬೇಕಾದರೆ ನೂರರಿಂದ ಭಾಗಿಸು ಅಂದೆ. ಸರಿಹೋಯ್ತು.

ಹಾಗಂತ ಮೊದಲು ಅಸೆಂಬ್ಲಿ ಕಲಿ ಅಂತ ಅವಳಿಗೆ ಹೇಳಲಿಲ್ಲ. ನಾನು ಇವತ್ತು ಶುರು ಮಾಡಿದ್ದರೆ ಪೈಥಾನಿಂದಲೇ ಮಾಡುತ್ತಿದ್ದೆ.

ಕೊನೆಗೆ ಪಟ್ಟಿ ಪ್ರಿಂಟ್ ಮಾಡಿ ಅಪ್ಪನಿಗೆ ಕೊಟ್ಟೆವು. ಅವರು ಸೀದಾ 2018ರ ಆಗಸ್ಟ್ ಹುಡುಕಿದರು. ಗುಡ್ಡಗಳು ಕುಸಿದ ತಿಂಗಳು. ಅದರಲ್ಲಿ ಮೂರು ದಿನ ಅಪ್ಪ ಗೇಜಿನ ಹತ್ತಿರ ಹೋಗಲಾಗದೆ ಪುಸ್ತಕದಲ್ಲಿ ಜಾಗ ಖಾಲಿ ಬಿಟ್ಟಿದ್ದರು. ಖಾಲಿ ಇದ್ದರೆ ಪ್ರೋಗ್ರಾಂ ಎರರ್ ಕೊಡುತ್ತೆ ಅಂತ ಹುಡುಗಿ ಅಲ್ಲಿ ಸೊನ್ನೆ ತುಂಬಿದ್ದಳು.

"ಆ ಮೂರು ದಿನ ಮಳೆ ಸೊನ್ನೆಯಾ?" ಅಂತ ಅಪ್ಪ ಕೇಳಿದರು. ಜೋರಾಗೇನೂ ಅಲ್ಲ.

ಅವಳು ಲ್ಯಾಪ್‌ಟಾಪ್ ಮತ್ತೆ ತೆರೆದಳು. ಖಾಲಿ ಇದ್ದ ದಿನ NaN ("ಸಂಖ್ಯೆ ಅಲ್ಲ" ಅನ್ನೋ ಗುರುತು) ಅಂತ ಇಟ್ಟು, ಅಂಥ ತಿಂಗಳ ಮೊತ್ತದ ಪಕ್ಕ "ಅಳತೆ ಪೂರ್ತಿ ಇಲ್ಲ" ಅಂತ ಬರೋ ಹಾಗೆ ಎರಡು ಸಾಲು ಸೇರಿಸಿದೆವು. ಅಪ್ಪ ಆ ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡರು.