ಮನೆ ಕರೆಂಟಿಗೆ ತಕ್ಕ ವೆಲ್ಡಿಂಗ್ ಮಷೀನ್, ಕೈ ಕೂರುವವರೆಗಿನ ಅಭ್ಯಾಸ

ಅಂಗಡಿಗೆ ಹೋಗಿ ವೆಲ್ಡಿಂಗ್ ಮಷೀನ್ ಕೇಳಿದರೆ ಮೊದಲು ಕಿವಿಗೆ ಬೀಳುವುದು 200 ಆಂಪ್, 250 ಆಂಪ್ ಎನ್ನುವ ಮಾತು. ಚಿಂತಾಮಣಿ, ಶಿಡ್ಲಘಟ್ಟ ಕಡೆಯ ನಮ್ಮ ಹಳ್ಳಿಗಳಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟು ಎಷ್ಟು ಭಾರ ತಾಳುತ್ತದೆ? ರೇಷ್ಮೆ ಹುಳು ಮನೆಯ ಸ್ಟ್ಯಾಂಡು, ಕೊಟ್ಟಿಗೆಯ ಗೇಟು, ಟ್ರಾಲಿಯ ಕೊಂಡಿ, ಇಂಥ ಮನೆ ಕೆಲಸಕ್ಕೆಲ್ಲ 55ರಿಂದ 110 ಆಂಪ್ ಸಾಕು. ಅಷ್ಟು ಆಂಪ್ ಅಲುಗಾಡದೆ ಸಿಗಬೇಕು, ಅಷ್ಟೇ.

ನಾನು ಮಷೀನಿಗಿಂತ ಮೊದಲು ಲೈನಿನ ಲೆಕ್ಕ ಹಾಕಿದೆ. 2.5 ಎಂಎಂ ರಾಡನ್ನು, ಅಂದರೆ ಕರಗಿ ಬೆಸೆಯುವ ಲೇಪದ ಕಡ್ಡಿಯನ್ನು (ಅಂಗಡಿಯಲ್ಲಿ 12 ನಂಬರ್ ಅಂದರೆ ಇದೇ) 80 ಆಂಪಿನಲ್ಲಿ ಉರಿಸಿದರೆ ಕಿಡಿಯ ಹತ್ತಿರ ಸುಮಾರು 23 ವೋಲ್ಟ್ ಇರುತ್ತದೆ. ಗುಣಿಸಿದರೆ 1,840 ವಾಟ್. ಮಷೀನಿನೊಳಗೆ ಹೋಗುವ ನಷ್ಟ ಸೇರಿಸಿದರೆ 2,200 ವಾಟ್ ಆಸುಪಾಸು. ಆದರೆ ಸಣ್ಣ ಇನ್ವರ್ಟರ್ ಮಷೀನುಗಳ (ಎಲೆಕ್ಟ್ರಾನಿಕ್ಸ್‌ನಿಂದ ಕರೆಂಟು ಬದಲಿಸುವ ಹಗುರ ಮಷೀನು) ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.7ರ ಸುತ್ತ ಇರುವುದರಿಂದ 230 ವೋಲ್ಟಿನ ಗೋಡೆಯ ಲೈನಿನಿಂದ ಎಳೆಯುವುದು 13-14 ಆಂಪ್. ಇದು 16 ಆಂಪಿನ ಸಾಕೆಟ್ಟಿನ ಒಳಗೇ ಇದೆ. 3.15 ಎಂಎಂ ರಾಡು, ಅಂದರೆ 10 ನಂಬರ್, 110 ಆಂಪಿಗೆ ಇಟ್ಟರೆ ಅದೇ ಲೆಕ್ಕದಲ್ಲಿ 19-20 ಆಂಪ್ ಆಗುತ್ತದೆ. ವೋಲ್ಟೇಜು 190ಕ್ಕೆ ಇಳಿದರೆ ಅದೇ ಕೆಲಸಕ್ಕೆ ಎಳೆತ ಇನ್ನೂ ಹೆಚ್ಚುತ್ತದೆ. ಎಂಸಿಬಿ (ಭಾರ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಕೂಡಲೇ ಬೀಳದೆ ಇರಬಹುದು, ಅಷ್ಟರಲ್ಲಿ ಸಾಕೆಟ್ಟಿನ ಪಿನ್ನು ಕಾದು ಪ್ಲಾಸ್ಟಿಕ್ ಕಂದಾಗಿರುತ್ತದೆ.

ಅದಕ್ಕೇ ಮೀಟರ್ ಬೋರ್ಡಿನಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆಸಿ, 20 ಆಂಪಿನ ಸಿ ಟೈಪ್ (ಹಚ್ಚಿದ ಕ್ಷಣದ ಎಳೆತಕ್ಕೆ ಬೀಳದ) ಎಂಸಿಬಿ ಹಾಕಿಸಿದೆ. ಕೊನೆಗೆ ಏಸಿಗೆ ಹಾಕುವ ತಗಡಿನ 20 ಆಂಪ್ ಪ್ಲಗ್ ಬಾಕ್ಸು ಕೂರಿಸಿದೆ. ಹಳೆಯ ಮನೆಗಳಲ್ಲಿ ಅರ್ತ್ ಪಿನ್ನಿಗೆ ವೈರೇ ಇರುವುದಿಲ್ಲ. ಇದನ್ನು ಎಲೆಕ್ಟ್ರಿಷಿಯನ್ ಕೈಲಿ ನೋಡಿಸದೆ ಮಷೀನ್ ಹಚ್ಚಬಾರದು. ಮಂಜೂರಾದ ಲೋಡ್ ಎಷ್ಟೆಂದು ಕರೆಂಟ್ ಬಿಲ್ಲಿನಲ್ಲೇ ಇರುತ್ತದೆ. 1 ಕಿಲೋವಾಟ್ ಇದ್ದರೆ ಮೊದಲು ಹೆಚ್ಚಿಸಿಕೊಳ್ಳಿ.

ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡುವಾಗ ಸುಮ್ಮನೆ ಇದ್ದಾಗ ಒಮ್ಮೆ, ರಾಡ್ ಉರಿಯುವಾಗ ಇನ್ನೊಮ್ಮೆ ನೋಡಬೇಕು. ಮಷೀನ್ ತರುವ ಮೊದಲಾದರೆ ಗೀಸರ್ ಹಚ್ಚಿ ನೋಡಬಹುದು. ಸುಮ್ಮನಿದ್ದಾಗ 225 ತೋರಿಸಿ ಭಾರ ಬಿದ್ದಾಗ 185ಕ್ಕೆ ಕುಸಿದರೆ ಎಲ್ಲೋ ಜಾಯಿಂಟು ಸಡಿಲವಾಗಿದೆ, ಇಲ್ಲವೇ ಕಂಬದಿಂದ ಬರುವ ವೈರು ಸಣ್ಣದು. ಮಷೀನಿನ ತಗಡಿನ ಮೇಲೆ 220 ವೋಲ್ಟ್, 15 ಪರ್ಸೆಂಟ್ ಆಚೆ ಈಚೆ ಎಂದು ಬರೆದಿದ್ದರೆ 187ರ ಕೆಳಗೆ ಅದರ ಮೇಲೆ ಭರವಸೆ ಇಡುವಂತಿಲ್ಲ. ಸಂಜೆ ಎಲ್ಲರ ಮನೆಯ ಲೈಟು, ಟಿವಿ ಹತ್ತಿದಾಗ ವೋಲ್ಟೇಜು ಇಳಿಯುವ ಊರಾದರೆ ಬೆಳಗ್ಗೆಯೇ ವೆಲ್ಡಿಂಗ್ ಮುಗಿಸಿ, ಕಟಿಂಗು, ಗ್ರೈಂಡಿಂಗನ್ನು ಸಂಜೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಮಷೀನು. ತಂತಿ ತಾನೇ ಬರುವ, ಗ್ಯಾಸ್ ಸಿಲಿಂಡರಿನ ಮಿಗ್ ಮಷೀನ್ ಗಾಳಿ ಬೀಸುವ ಬಯಲಿಗೆ ಆಗಿಬರುವುದಿಲ್ಲ. ಹಳೆಯ ಟ್ರಾನ್ಸ್‌ಫಾರ್ಮರ್ ಮಷೀನು ಮನೆ ಲೈನಿಗೆ ಅತಿ ಭಾರ. ನನ್ನ ಮಟ್ಟಿಗೆ 200 ಆಂಪಿನ ಇನ್ವರ್ಟರ್ ಆರ್ಕ್ (ರಾಡಿನ ಕಿಡಿಯಿಂದ ಬೆಸೆಯುವ) ಮಷೀನೇ ಸರಿ. ಅಷ್ಟು ಆಂಪ್ ಬೇಕಾಗುತ್ತದೆ ಅಂತಲ್ಲ, 100ರಲ್ಲಿ ಓಡಿಸುವಾಗ ಅದು ಉಸಿರು ಕಟ್ಟದೆ ಕೆಲಸ ಮಾಡಲಿ ಅಂತ. ತಗಡಿನ ಮೇಲೆ ಡ್ಯೂಟಿ ಸೈಕಲ್ ಓದಿ: 200 ಆಂಪಿಗೆ 60 ಪರ್ಸೆಂಟ್ ಅಂದರೆ 10 ನಿಮಿಷದಲ್ಲಿ 6 ನಿಮಿಷ ಉರಿಸಬಹುದು, 4 ನಿಮಿಷ ಬಿಡುವು ಕೊಡಬೇಕು. 100 ಪರ್ಸೆಂಟಿಗೆ ಎಷ್ಟು ಆಂಪ್ ಎಂದು ಬರೆದಿರುವುದೇ ನಿಜವಾದ ಬಲ. ಅದನ್ನು ಬರೆಯದೆ ಬರೀ ದೊಡ್ಡ ಅಂಕಿ ಹಾಕಿರುವ ಮಷೀನನ್ನು ನಾನು ಮುಟ್ಟುವುದಿಲ್ಲ. ಅಂಗಡಿಯಲ್ಲೇ ಎರಡು 10 ನಂಬರ್ ರಾಡನ್ನು ಒಂದರ ಹಿಂದೊಂದು ಪೂರ್ತಿ ಉರಿಸಿ ತೋರಿಸಲು ಕೇಳಿ. ಜೊತೆಗೆ ಬರುವ ಕೇಬಲ್ಲಿನ ತುದಿಯ ಎಳೆಯೊಂದನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಬೇರೆ ಕೊಂಡರೂ ನಷ್ಟವಿಲ್ಲ.

ಕಣ್ಣಿನ ವಿಷಯಕ್ಕೆ ಬಂದರೆ ತಾನಾಗಿಯೇ ಕಪ್ಪಾಗುವ ಹೆಲ್ಮೆಟ್ ಕೊಳ್ಳಿ, ಶೇಡ್ (ಗಾಜಿನ ಕಪ್ಪಿನ ಮಟ್ಟ) 10 ಅಥವಾ 11ಕ್ಕೆ ಇಡಿ. ಕೈಯಲ್ಲಿ ಹಿಡಿಯುವ ಗಾಜಾದರೆ ಒಂದು ಕೈ ಅದಕ್ಕೇ ಹೋಗುತ್ತದೆ, ಕಲಿಯುವವರಿಗೆ ಎರಡೂ ಕೈ ಬೇಕು. ಕೂಲಿಂಗ್ ಗ್ಲಾಸಿನಲ್ಲಿ ವೆಲ್ಡಿಂಗ್ ನೋಡಲೇಬಾರದು. ಕಣ್ಣಿಗೆ ಬಿದ್ದ ಬೆಳಕಿನ ಪೆಟ್ಟು ಆಗಲೇ ಗೊತ್ತಾಗುವುದಿಲ್ಲ, ಹಲವು ಗಂಟೆ ಕಳೆದು ರಾತ್ರಿ ಮರಳು ಬಿದ್ದಂತೆ ಚುಚ್ಚುತ್ತದೆ. ಮಕ್ಕಳನ್ನು ಆ ಕಡೆ ಬಿಡಬೇಡಿ. ಮೈಮೇಲೆ ಹತ್ತಿ ಬಟ್ಟೆ, ತುಂಬು ತೋಳು, ಶೂ ಮೇಲೆ ಇಳಿಬಿದ್ದ ಪ್ಯಾಂಟು ಇರಬೇಕು. ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಕಲಿಕೆಗೆ ಗುಜರಿ ಅಂಗಡಿಯಿಂದ 5 ಎಂಎಂ ದಪ್ಪದ ಪಟ್ಟಿ ತಂದುಕೊಳ್ಳಿ. ಸ್ಕ್ವೇರ್ ಪೈಪಿನಿಂದ ಶುರು ಮಾಡಿದವರು ಬರೀ ತೂತು ಬೀಳಿಸಿ ಬೇಸತ್ತು ಬಿಟ್ಟುಬಿಡುತ್ತಾರೆ. ತೆಳು ಪೈಪು ನಿಜಕ್ಕೂ ಕಷ್ಟದ ಕೆಲಸ. ರಾಡು 6013 ಜಾತಿಯದು (ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ), 3.15 ಎಂಎಂ, 100-110 ಆಂಪ್. ತುಕ್ಕು, ಬಣ್ಣ ಎರಡನ್ನೂ ಗ್ರೈಂಡರಿನಲ್ಲಿ ತೆಗೆದು, ಮಷೀನಿನ ಇನ್ನೊಂದು ಕೇಬಲ್ಲಿನ ಅರ್ತ್ ಕ್ಲಾಂಪನ್ನು ಹೊಳೆಯುವ ಕಬ್ಬಿಣಕ್ಕೇ ಕಚ್ಚಿಸಿ. ಬೆಂಕಿಕಡ್ಡಿ ಗೀರಿದ ಹಾಗೆ ರಾಡನ್ನು ಗೀರಿ ಹತ್ತಿಸಿ. ಹತ್ತಿದ ಕೂಡಲೇ ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ರಾಡಿನ ದಪ್ಪದಷ್ಟೇ, ಅಂದರೆ 3 ಎಂಎಂ, ಅಂತರ ಇರಲಿ. ಸಾಗುವ ದಿಕ್ಕಿನ ಕಡೆಗೆ ರಾಡಿನ ಮೇಲ್ತುದಿ 10-15 ಡಿಗ್ರಿ ವಾಲಲಿ. ರಾಡು ಕರಗಿದಷ್ಟೂ ಕೈ ಕೆಳಗಿಳಿಯುತ್ತಿರಬೇಕು. ಹೊಸಬರ ಕೈ ನಿಂತಲ್ಲೇ ನಿಲ್ಲುತ್ತದೆ, ಅಂತರ ಹಿಗ್ಗುತ್ತದೆ, ಚಟಪಟ ಎಂದು ಕಿಡಿ ಸಿಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣು ಎಲ್ಲಿರಬೇಕು ಎನ್ನುವುದು. ಬೆಳಕನ್ನು ನೋಡಬಾರದು. ಅದರ ಹಿಂದೆಯೇ ಕರಗಿದ ಕಬ್ಬಿಣದ ಸಣ್ಣ ಮಡು ಇರುತ್ತದೆ, ಅದನ್ನು ನೋಡಬೇಕು. ಗಾಜಿನೊಳಗಿಂದ ಎರಡು ಬಗೆಯ ದ್ರವ ಕಾಣುತ್ತದೆ: ಮುಂದೆ ನುಣ್ಣಗೆ ಹೊಳೆಯುತ್ತಾ ದುಂಡಗಿರುವುದು ಕಬ್ಬಿಣ, ಹಿಂದಿನಿಂದ ಮಂಕಾಗಿ, ಕೆನೆಯಂತೆ ಮೇಲೆ ಸರಿದಾಡುವುದು ಕಿಟ್ಟ, ಅಂದರೆ ರಾಡಿನ ಲೇಪ ಕರಗಿ ಆದ ಕಸ. ಕಿಟ್ಟ ಮಡುವನ್ನು ದಾಟಿ ಕಿಡಿಯ ಮುಂದಕ್ಕೆ ಹರಿದರೆ ಅದರ ಮೇಲೆಯೇ ಕಬ್ಬಿಣ ಕೂರುತ್ತದೆ, ಒಳಗೆ ಪೊಳ್ಳು. ಆಗ ಆಂಪ್ ಸ್ವಲ್ಪ ಏರಿಸಿ, ರಾಡನ್ನು ಇನ್ನಷ್ಟು ವಾಲಿಸಿ, ಅಂತರ ತಗ್ಗಿಸಿ. ಕಬ್ಬಿಣ, ಕಿಟ್ಟ ಎರಡನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದ ದಿನ ಅರ್ಧ ಕೆಲಸ ಕಲಿತಂತೆ.

ಬೀಡಿನ (ಬೆಸುಗೆ ಸಾಲಿನ) ಅಗಲ ರಾಡಿನ ದಪ್ಪದ ಎರಡರಿಂದ ಎರಡೂವರೆ ಪಟ್ಟು ಇರಲಿ. ಹಗ್ಗದಂತೆ ಉಬ್ಬಿ ಮೇಲೆ ಕೂತಿದ್ದರೆ ಆಂಪ್ ಕಡಿಮೆ. ಅಂಚಿನುದ್ದಕ್ಕೂ ಗೀರು ಬಿದ್ದಿದ್ದರೆ ಆಂಪ್ ಹೆಚ್ಚು ಅಥವಾ ಅಂತರ ಹೆಚ್ಚು. ರಾಡು ಪದೇ ಪದೇ ಅಂಟಿಕೊಂಡರೆ ಆಂಪ್ ಏರಿಸುವ ಮುಂಚೆ ಅರ್ತ್ ಕ್ಲಾಂಪು, ವೋಲ್ಟೇಜು ನೋಡಿ. ಸಣ್ಣ ಸಣ್ಣ ತೂತುಗಳು ಕಂಡರೆ ರಾಡು ತೇವ ಹಿಡಿದಿದೆ ಅಥವಾ ಬಣ್ಣ, ಎಣ್ಣೆ ಉಳಿದಿದೆ. ಮಳೆಗಾಲದಲ್ಲಿ ರಾಡಿನ ಪ್ಯಾಕೆಟ್ಟನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಬೆಸುಗೆ ಹಾಕಿದ ಪಟ್ಟಿಯನ್ನು ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಬಗ್ಗಿಸಿ ಮುರಿದು ಒಳಗನ್ನು ನೋಡಲೇಬೇಕು. ಮೇಲಿನ ಅಂದ ನೋಡಿ ತೀರ್ಮಾನಕ್ಕೆ ಬರಬಾರದು.

ಅದಾದ ಮೇಲೆ ಪೈಪು. ಹುಳು ಮನೆ ಸ್ಟ್ಯಾಂಡಿಗೆ ಬಳಸುವ ಒಂದಿಂಚು ಸ್ಕ್ವೇರ್ ಪೈಪು 1.6 ಎಂಎಂ ದಪ್ಪವಿದ್ದರೆ 2.5 ರಾಡಿಗೆ 55-65 ಆಂಪ್ ಸಾಕು. ರಾಡು ಹಿಡಿಯುವ ಹೋಲ್ಡರನ್ನು ಮೈನಸ್‌ಗೆ, ಅರ್ತ್ ಕ್ಲಾಂಪನ್ನು ಪ್ಲಸ್‌ಗೆ ಬದಲಾಯಿಸಿ. ಪೈಪಿಗೆ ಬೀಳುವ ಕಾವು ಕಡಿಮೆಯಾಗುತ್ತದೆ. ಕತ್ತರಿಸುವುದು ಅಚ್ಚುಕಟ್ಟಾಗಿದ್ದು ಸಂದಿ 1 ಎಂಎಂ ದಾಟದಿದ್ದರೆ ತೂತು ಬೀಳುವುದು ಬಹುಪಾಲು ತಪ್ಪುತ್ತದೆ. ಸಂದಿ ಉಳಿದರೆ ಹಳೆ ರಾಡಿನ ಲೇಪ ಉದುರಿಸಿ ಒಳಗಿನ ಕಂಬಿಯನ್ನು ಸಂದಿಯಲ್ಲಿಟ್ಟು ಬೆಸೆಯಿರಿ. ಒಂದೇ ಎಳೆತದಲ್ಲಿ ಎಳೆಯಬೇಡಿ. ಒಂದೊಂದು ಸೆಂಟಿಮೀಟರ್ ಹಾಕಿ, ಆಚೆ ಮೂಲೆಗೆ ಹೋಗಿ, ಕೆಂಪು ಆರಿದ ಮೇಲೆ ವಾಪಸ್ ಬನ್ನಿ. ಫ್ರೇಮಿನ ನಾಲ್ಕೂ ಮೂಲೆಗೆ ಮೊದಲು ಟ್ಯಾಕ್ (ಚುಕ್ಕೆ ಬೆಸುಗೆ) ಮಾತ್ರ ಹಾಕಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಇದೆಯೇ ನೋಡಿ. ಬೆಸುಗೆ ಆರುವಾಗ ಕುಗ್ಗಿ ತನ್ನ ಕಡೆಗೆ ಎಳೆಯುತ್ತದೆ, ಒಂದೇ ಪಕ್ಕ ಹಾಕುತ್ತಾ ಹೋದರೆ ಗೇಟು ಸೊಟ್ಟಗಾಗುತ್ತದೆ.

ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾದರೆ ಜಾಯಿಂಟಿನ ಸುತ್ತ ಒಂದಿಂಚು ಸತುವಿನ ಲೇಪವನ್ನು ಗ್ರೈಂಡ್ ಮಾಡಿ ತೆಗೆದು, ಬಯಲಿನಲ್ಲಿ, ಹೊಗೆ ಮುಖಕ್ಕೆ ಬಾರದಂತೆ ಗಾಳಿ ನೋಡಿಕೊಂಡು ಕೂರಬೇಕು. ಆ ಬಿಳಿ ಹೊಗೆ ಕುಡಿದವರಿಗೆ ಅಂದೇ ರಾತ್ರಿ ಚಳಿ ಜ್ವರ ಬರಬಹುದು. ಹಾಲು ಕುಡಿದರೆ ಏನೂ ಆಗುವುದಿಲ್ಲ ಎನ್ನುವುದನ್ನು ನಂಬಬೇಡಿ. ಟ್ರ್ಯಾಕ್ಟರಿನ ಮೇಲೆ ಬೆಸೆಯುವುದಿದ್ದರೆ ಬ್ಯಾಟರಿಯ ವೈರುಗಳನ್ನು ಮೊದಲು ಬಿಚ್ಚಿ, ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿ. ಡೀಸೆಲ್, ಪೆಟ್ರೋಲ್ ಇದ್ದ ಡ್ರಮ್ಮನ್ನು ಖಾಲಿಯಾಗಿದ್ದರೂ ಬೆಸೆಯಬಾರದು. ಒಣ ಹುಲ್ಲಿನ ಬಣವೆ, ಹಿಪ್ಪುನೇರಳೆಯ ಒಣ ಕಡ್ಡಿ ಹತ್ತಿರವಿದ್ದರೆ ಜಾಗ ಬದಲಿಸಿ, ಒಂದು ಬಕೆಟ್ ನೀರು ಪಕ್ಕದಲ್ಲಿರಲಿ, ಕೆಲಸ ಮುಗಿದು ಅರ್ಧ ಗಂಟೆ ಅಲ್ಲೇ ಇರಿ. ಕೊಟ್ಟಿಗೆಯ ಒದ್ದೆ ನೆಲದಲ್ಲಿ ನಿಂತು ರಾಡು ಬದಲಿಸಬೇಡಿ. ಉರಿಯದೆ ಇರುವಾಗ ಹೋಲ್ಡರಿನಲ್ಲಿ 60-80 ವೋಲ್ಟ್ ಇರುತ್ತದೆ, ಒದ್ದೆ ಮೈಗೆ ಅದು ಅಪಾಯ.

ಹುಳು ಮನೆ ಸ್ಟ್ಯಾಂಡಿಗೆ ಬಣ್ಣದ ಕೆಲಸವನ್ನು ಕಡೆಗಣಿಸುವಂತಿಲ್ಲ. ಪ್ರತಿ ಬೆಳೆ ಮುಗಿದ ಮೇಲೆ ಹೊಡೆಯುವ ಬ್ಲೀಚಿಂಗ್ ಪೌಡರ್ ನೀರು ಬೆಸುಗೆಯ ಜಾಗವನ್ನೇ ಮೊದಲು ತಿನ್ನುತ್ತದೆ. ಕಿಟ್ಟವನ್ನು ಪೂರ್ತಿ ತಟ್ಟಿ, ವೈರ್ ಬ್ರಷ್ ಹಾಕಿ, ರೆಡ್ ಆಕ್ಸೈಡ್ ಎರಡು ಕೋಟು, ಮೇಲೆ ಎನಾಮೆಲ್ ಎರಡು ಕೋಟು. ಪೈಪಿನ ತೆರೆದ ಬಾಯಿಗಳನ್ನು ತಗಡಿನ ತುಂಡಿನಿಂದ ಬೆಸೆದು ಮುಚ್ಚಿದರೆ ಒಳಗೆ ನೀರು ನಿಲ್ಲುವುದಿಲ್ಲ. ಇದನ್ನೆಲ್ಲ ಚಾಕಿ (ಎಳೆಯ ರೇಷ್ಮೆ ಹುಳು) ತರುವುದಕ್ಕೆ ಸಾಕಷ್ಟು ಮುಂಚೆಯೇ ಮುಗಿಸಿ, ಬಣ್ಣದ ವಾಸನೆ ಪೂರ್ತಿ ಹೋಗುವ ತನಕ ಸ್ಟ್ಯಾಂಡನ್ನು ಹೊರಗೇ ಬಿಡಿ.